ಬೆರಳು ನನ್ನದು

ಕರುವಿಗೆ ಹಾಲು ಕುಡಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ ಎಂದುಕೊಂಡವರು ಆ ಡೇರಿಗೆ ಬಂದು ಒಂದು ಬೆಳಗ್ಗೆ ನಿಂತು ನೋಡಬೇಕಿತ್ತು. ತಾಯಿಯ ಕೆಚ್ಚಲಿಗೆ ಬಾಯಿ ಹಾಕುವುದು ಕರುವಿಗೆ ಗೊತ್ತು, ನಿಜ. ಆದರೆ ಹುಟ್ಟಿದ ದಿನವೇ ತಾಯಿಯಿಂದ ಬೇರೆ ಮಾಡಿ, ಮುಂದೆ ಒಂದು ಬಕೆಟ್ ಇಟ್ಟು, ಕುಡಿ ಎಂದರೆ ಅದು ಹೇಗೆ ಕುಡಿದೀತು? ಅದು ತಲೆ ಎತ್ತಿ ಮೇಲೆ ಹುಡುಕುತ್ತದೆ, ಹಾಲು ಕೆಳಗಿರುತ್ತದೆ. ಹಾಗೇ ಬಿಟ್ಟರೆ ಹಾಲಿನ ಮುಂದೆಯೇ ಹಸಿದು ಸಾಯುತ್ತದೆ.

ಅದನ್ನು ಕಲಿಸುವವಳು ಬೆರಳಮ್ಮ. ತೋರುಬೆರಳು, ನಡುಬೆರಳು ಎರಡನ್ನೂ ಜೋಡಿಸಿ ಕರುವಿನ ಬಾಯಿಗೆ ಇಡುತ್ತಿದ್ದಳು. ಕರು ಮೊಲೆಯೆಂದೇ ತಿಳಿದು ಚೀಪತೊಡಗುತ್ತಿತ್ತು. ಆಮೇಲೆ ಕೈಯನ್ನು ಮೆಲ್ಲಗೆ, ತೀರಾ ಮೆಲ್ಲಗೆ ಬಕೆಟ್ಟಿನ ಹಾಲಿನೊಳಕ್ಕೆ ಇಳಿಸುತ್ತಿದ್ದಳು. ಬೆರಳ ಸಂದಿಯಿಂದ ಹಾಲು ಬಾಯಿಗೆ ಏರುತ್ತಿತ್ತು. ಮೂರನೆಯ ಹೊತ್ತಿಗೆ ಬೆರಳು ತೆಗೆದರೂ ಕರು ತಲೆ ಎತ್ತುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಇದೇ ಕೆಲಸ. ಹೆತ್ತವರು ಇಟ್ಟ ಹೆಸರು ಎಂದೋ ಮೂಲೆ ಸೇರಿ ಎಲ್ಲರ ಬಾಯಲ್ಲೂ ಅವಳು ಬೆರಳಮ್ಮನೇ ಆಗಿಹೋಗಿದ್ದಳು.

ಕರುಗಳ ಷೆಡ್ಡಿಗೂ ಡೇರಿಯ ಮಕ್ಕಳ ಕೋಣೆಗೂ ನಡುವೆ ಒಂದೇ ಗೋಡೆ. ಹಾಲು ಕರೆಯುವ ಹೆಂಗಸರು ತಮ್ಮ ಪುಟ್ಟ ಮಕ್ಕಳನ್ನು ಅಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಹನ್ನೊಂದು ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳು ಬೆರಳಮ್ಮನ ಸ್ವಂತ ಅಕ್ಕ. ಮಂಡಿ ಸವೆದು ಕುಂಟುತ್ತಿದ್ದಳು, ಆದರೆ ಬಾಯಿ ಮಾತ್ರ ಇನ್ನೂ ಕುಂಟಿರಲಿಲ್ಲ. "ನಿನ್ನ ಮಕ್ಕಳಿಗೆ ನಾಲ್ಕು ಕಾಲು, ನನ್ನವಕ್ಕೆ ಎರಡು. ಆದ್ರೂ ಓಡಿಹೋಗೋದ್ರಲ್ಲಿ ನನ್ನವೇ ಮುಂದೆ," ಎಂದು ಗೋಡೆಯಾಚೆಯಿಂದಲೇ ಕೂಗುತ್ತಿದ್ದಳು. ಎದೆಹಾಲು ಬಿಡಿಸುವಾಗ ಲೋಟಕ್ಕೆ ಬಾಯಿ ಹಾಕದೆ ಹಟ ಹಿಡಿಯುವ ಕೂಸುಗಳಿರುತ್ತವಲ್ಲ, ಅಂಥ ಒಂದು ಸಿಕ್ಕಿತೆಂದರೆ ತಂಗಿಗೆ ಕರೆ ಹೋಗುತ್ತಿತ್ತು. ಬೆರಳಮ್ಮ ಕರುಗಳ ಕೆಲಸ ಮುಗಿಸಿ, ಕೈಯನ್ನು ಬಕೆಟ್ಟಿನ ನೀರಿಗೆ ಅದ್ದಿ, ಏಪ್ರನ್ನಿಗೆ ಒರೆಸಿಕೊಂಡು ಬಂದು ಅದೇ ಪಾಠ ಹೇಳುತ್ತಿದ್ದಳು. ಅದೇ ಎರಡು ಬೆರಳು, ಬಕೆಟ್ಟಿನ ಬದಲು ಲೋಟ. ಎರಡು ದಿನದಲ್ಲಿ ಕೂಸು ಲೋಟದಿಂದ ಗಟಗಟ ಕುಡಿಯುತ್ತಿತ್ತು. ತಾಯಂದಿರಿಗೆ ಇದೊಂದು ಹೆಮ್ಮೆ. "ನನ್ನ ಮಗನೂ ಬೆರಳಮ್ಮನ ಶಾಲೇಲೇ ಓದಿದ್ದು," ಎಂದು ಹೇಳಿಕೊಂಡು ನಗುತ್ತಿದ್ದರು.

ಆ ವರ್ಷ ಆ ಶಾಲೆಗೆ ಸೇರಿದವಳು ಬೆರಳಮ್ಮನ ಮಗಳ ಮಗಳು, ಚೋಟಿ. ಮಗಳೂ ಅಲ್ಲೇ ಹಾಲು ಕರೆಯುತ್ತಿದ್ದಳು. ಹತ್ತು ತಿಂಗಳ ಕೂಸು, ಎರಡು ಹಲ್ಲು, ಊರಿಗಾಗುವಷ್ಟು ಹಟ.

ಮೊದಲು ಮಲಗಿದ್ದು ಕರುಗಳು. ಒಂದು ಸೋಮವಾರ ಬೆಳಗ್ಗೆ ಕಿವಿಗೆ ನಲವತ್ತೊಂದನೆಯ ನಂಬರಿನ ಓಲೆ ಹಾಕಿದ್ದ ಹೆಣ್ಣು ಕರು, ಹುಟ್ಟಿ ಎರಡೇ ದಿನವಾದದ್ದು, ಬಕೆಟ್ಟಿನ ಕಡೆ ನೋಡಲೂ ಇಲ್ಲ. ಹಿಂಗಾಲಿನ ಮೇಲೆಲ್ಲ ಹಳದಿ ನೀರು. ಸಂಜೆಗೆ ಇನ್ನೂ ಮೂರು, ಮಾರನೆಯ ದಿನ ಐದು. ಎಳೆಗರುಗಳಿಗೆ ಭೇದಿ ಹಿಡಿಯುವುದು ಹೊಸದೇನಲ್ಲ. ಬೆರಳಮ್ಮ ಉಪ್ಪು ಸಕ್ಕರೆ ಕದಡಿದ ನೀರನ್ನು ಗಂಟೆಗೊಮ್ಮೆ ಬೆರಳ ಮೇಲೆಯೇ ಕುಡಿಸಿದಳು. ಯಾವ ಕರು ಎಷ್ಟು ಕುಡಿಯಿತು, ಎಷ್ಟು ಸಲ ಸುರಿಸಿತು ಎಂದು ಷೆಡ್ಡಿನ ಸ್ಲೇಟಿನ ಮೇಲೆ ಗೀಟು ಎಳೆದಳು. ಅವಳಿಗೆ ಬರುತ್ತಿದ್ದ ಓದು ಬರಹ ಹೆಚ್ಚಿನದೇನಲ್ಲ, ಆದರೆ ಆ ಸ್ಲೇಟಿನಲ್ಲಿ ತಪ್ಪು ಹುಡುಕಲು ಬಂದವರು ಸೋತು ಹೋಗುತ್ತಿದ್ದರು.

ಗುರುವಾರ ಚೋಟಿ ವಾಂತಿ ಮಾಡಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ನೀರು ನೀರಾಗಿ ಭೇದಿ. ಶುಕ್ರವಾರ ಅವಳ ಕಣ್ಣು ಒಳಕ್ಕೆ ಹೋಗಿ, ಅಳಲು ಬಾಯಿ ತೆರೆದರೆ ಕಣ್ಣೀರೇ ಬರಲಿಲ್ಲ. ಮಗಳು ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಭಾನುವಾರದ ಹೊತ್ತಿಗೆ ಹನ್ನೊಂದರಲ್ಲಿ ಏಳು ಮಕ್ಕಳು ಮಲಗಿದ್ದವು. ಆಸ್ಪತ್ರೆಯ ಮಂಚಗಳ ಮೇಲೆ ಡೇರಿಯದೇ ಒಂದು ಸಾಲು.

ಸೋಮವಾರ ಮ್ಯಾನೇಜರ್ ಮಕ್ಕಳ ಕೋಣೆಯ ಬಾಗಿಲಿಗೆ ಒಂದು ಕಾಗದ ಅಂಟಿಸಿದ. ಬೆನ್ನ ಹಿಂದೆ ಎಲ್ಲರೂ ಅವನನ್ನು ಇಸ್ತ್ರಿ ಎನ್ನುತ್ತಿದ್ದರು. ಸಗಣಿ ಗಂಜಲದ ನಡುವೆ ದಿನವಿಡೀ ಓಡಾಡಿ ಅವನ ಬಿಳಿ ಷರಟಿನ ಮೇಲೆ ಒಂದು ಗೆರೆ ಮುರಿಯದಿರುವುದು ಹೇಗೆಂದು ಯಾರಿಗೂ ಬಗೆಹರಿದಿರಲಿಲ್ಲ. ಕಾಗದದಲ್ಲಿ ಹೀಗಿತ್ತು: ಆಯಾಳ ಕೊಳಕು ಕೈಯಿಂದ ಮಕ್ಕಳಿಗೆ ರೋಗ ಬಂದಿರುವುದರಿಂದ ಶನಿವಾರದಿಂದ ಕೋಣೆಯನ್ನು ಕಾಯಮ್ಮಾಗಿ ಮುಚ್ಚಲಾಗುವುದು, ಆಯಾಳನ್ನು ಕೆಲಸದಿಂದ ತೆಗೆಯಲಾಗುವುದು, ಹಾಲು ಕರೆಯುವವರು ಮಕ್ಕಳನ್ನು ತಮ್ಮ ತಮ್ಮ ಮನೆಗಳಲ್ಲೇ ಬಿಟ್ಟು ಬರಬೇಕು.

ಯಾರ ಬಳಿ ಬಿಟ್ಟು ಬರಬೇಕು? ಅದನ್ನು ಕಾಗದ ಹೇಳಿರಲಿಲ್ಲ. ಮನೆಯಲ್ಲಿ ಇನ್ನೊಬ್ಬರಿದ್ದಿದ್ದರೆ ಆ ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ನಸುಕಿನಲ್ಲೇ ಡೇರಿಗೆ ಯಾಕೆ ಬರುತ್ತಿದ್ದರು? ಕೋಣೆ ಮುಚ್ಚಿತೆಂದರೆ ಹನ್ನೊಂದು ಜನರ ಕೆಲಸ ಹೋದಂತೆಯೇ.

ಅಕ್ಕ ಆ ಕಾಗದವನ್ನು ಎರಡು ಸಲ ಓದಿಸಿಕೊಂಡಳು. ಆಮೇಲೆ ತನ್ನ ಕೈಗಳನ್ನು ಮಗುಚಿ ಮಗುಚಿ ನೋಡಿಕೊಂಡಳು. ಅವು ಸೋಪಿನಲ್ಲಿ ನೆಂದು ನೆಂದು ಬೆರಳ ತುದಿಗಳು ಬಿರಿದ ಕೈಗಳು.

ಬೆರಳಮ್ಮ ನೇರವಾಗಿ ಷೆಡ್ಡಿಗೆ ಬಂದು ಸ್ಲೇಟಿನ ಮುಂದೆ ನಿಂತಳು. ಕರುಗಳು ಮಲಗಿದ್ದು ಸೋಮವಾರ, ಮಂಗಳವಾರ. ಅವಳು ಚೋಟಿಗೆ ಲೋಟ ಕಲಿಸಿದ್ದು ಮಂಗಳವಾರ. ಚೋಟಿ ಮಲಗಿದ್ದು ಗುರುವಾರ. ಆ ವಾರ ಬೆರಳು ಬಾಯಿಗಿಟ್ಟಿದ್ದು ಇನ್ಯಾರಿಗೆ? ಹಾಲು ಕರೆಯುವವರಲ್ಲೇ ಒಬ್ಬಳಾದ ಮೇಸ್ತ್ರಿಯ ಸೊಸೆಯ ಮಗನಿಗೆ. ಅವನು ಮಲಗಿದ್ದೂ ಗುರುವಾರವೇ. ಉಳಿದ ಐದು ಮಕ್ಕಳು ಮಲಗಿದ್ದು ಇವರಿಬ್ಬರ ಹಿಂದೆ. ಬೆರಳಮ್ಮ ತನ್ನ ಬಲಗೈಯನ್ನು ಮುಖದ ಹತ್ತಿರ ತಂದಳು. ಕರುವಿನ ವಾಸನೆ ಬಂತು. ಎಂದಿನ ವಾಸನೆಯೇ, ಅವಳಿಗೆ ಇಷ್ಟವಾದ ವಾಸನೆಯೇ. ಅಲ್ಲೇ ಹುಲ್ಲಿನ ಹೊರೆಯ ಮೇಲೆ ಕುಸಿದು ಕೂತಳು. ಮೊಮ್ಮಗಳ ಬಾಯಿಗೆ ನಾನೇ ಇಟ್ಟೆನಲ್ಲ ಎಂದು ಅತ್ತಳು, ಮೂಗು ಒರೆಸಿಕೊಳ್ಳಲು ಅದೇ ಕೈ ಎತ್ತಿ, ತಡೆದು, ತೋಳಿಗೆ ಒರೆಸಿಕೊಂಡಳು.

ಒಂದು ಮಾತು ಇಲ್ಲಿ ಹೇಳಲೇಬೇಕು. ಮೂರು ತಿಂಗಳ ಹಿಂದಿನವರೆಗೆ ಬೆರಳಮ್ಮ ಹಾಲಿನ ಕೋಣೆಯ ಬಿಸಿನೀರಿನ ನಲ್ಲಿಯಲ್ಲಿ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಳು. ಕರುಗಳ ಷೆಡ್ಡಿನವರು ಹಾಲಿನ ಕೋಣೆಗೆ ಕಾಲಿಟ್ಟರೆ ಹಾಲು ಕೆಡುತ್ತದೆಂದು ಇಸ್ತ್ರಿ ಅದಕ್ಕೆ ಬೀಗ ಹಾಕಿಸಿದ. ಹಾಲಿನ ಮಟ್ಟಿಗೆ ಅದು ಸರಿಯೇ. ಆದರೆ ಷೆಡ್ಡಿಗೆ ಬೇರೆ ನಲ್ಲಿ ಕೊಡಿ ಎಂದು ಅವಳು ಮೂರು ಸಲ ಕೇಳಿದಳು, ಮೂರು ಸಲವೂ "ನೋಡೋಣ" ಎಂದ. ಅವನು ನೋಡುತ್ತಲೇ ಇದ್ದ, ಇವಳು ಬಕೆಟ್ಟಿಗೆ ಕೈ ಅದ್ದುತ್ತಲೇ ಇದ್ದಳು.

ಮೊದಲು ಅಕ್ಕನಿಗೆ ಹೇಳಿದಳು.

"ಬಾಯಿ ಮುಚ್ಕೊಂಡಿರು," ಎಂದಳು ಅಕ್ಕ. "ನಂಗೆ ವಯಸ್ಸಾಯ್ತು, ಮಂಡಿ ಹೋಗಿದೆ. ಮನೇಲಿ ಒಬ್ಬಳ ಕೆಲಸ ಹೋದ್ರೆ ಸಾಕು. ನಿನ್ನದೂ ಯಾಕೆ?"

"ನಿನ್ನ ಕೈಗೆ ಕೊಳಕು ಅಂತ ಬರೆದಿದಾನೆ."

"ಬರೆದ್ರೆ ನನ್ನ ಕೈ ಕೊಳಕಾಗುತ್ತಾ?"

"ನೀನು ಸುಮ್ನಿದ್ರೆ ಆಗುತ್ತೆ," ಎಂದು ಬೆರಳಮ್ಮ ಎದ್ದಳು.

ಮ್ಯಾನೇಜರ್ ತನ್ನ ಮೇಜಿನ ಹಿಂದಿನಿಂದ ಎಲ್ಲವನ್ನೂ ಕೇಳಿಸಿಕೊಂಡ, ಕರವಸ್ತ್ರ ಮೂಗಿನ ಮೇಲಿಟ್ಟುಕೊಂಡೇ. "ದನದ ಕಾಯಿಲೆ ದನಕ್ಕೆ, ಮಕ್ಕಳ ಕಾಯಿಲೆ ಮಕ್ಕಳಿಗೆ," ಎಂದ. "ನಂಗೆ ಪಾಠ ಹೇಳೋಕೆ ಬರಬೇಡ. ಕರುಗಳಿಗೆ ಹವಾ ಬದಲಾಗಿ ಭೇದಿ ಹಿಡಿದಿದೆ. ಈ ಡೇರಿಯಿಂದ ಮಕ್ಕಳಿಗೆ ರೋಗ ಬಂತು ಅಂತ ಹೊರಗೆ ಒಂದು ಮಾತು ಆಡಿದ್ರೆ ನೋಡು."

"ಹಾಗಾದ್ರೆ ಕರುಗಳ ಸಗಣೀನೂ ಪರೀಕ್ಷೆ ಮಾಡ್ಸಿ. ಹವಾನೋ ಇನ್ನೊಂದೋ ಗೊತ್ತಾಗುತ್ತೆ."

"ನಿನ್ನ ಕೆಲಸ ಹಾಲು ಕುಡಿಸೋದು. ಹೋಗಿ ಕುಡಿಸು."

ಮಂಗಳವಾರ ಮಧ್ಯಾಹ್ನ ಬೆರಳಮ್ಮ ಆಸ್ಪತ್ರೆಗೆ ಹೋದಳು. ಚೋಟಿಯ ಕೈಗೆ ಸೂಜಿ ಕಟ್ಟಿ ನೀರು ಹನಿಸುತ್ತಿದ್ದರು. ಕೂಸು ಅಜ್ಜಿಯನ್ನು ಕಂಡದ್ದೇ ತಡ, ಬಾಯಿ ತೆರೆದು ಬೆರಳಿಗಾಗಿ ಕತ್ತು ಚಾಚಿತು. ಬೆರಳಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಕೂಸು ಅತ್ತಿತು. ಈ ಸಲ ಕಣ್ಣೀರು ಬಂತು, ಅಷ್ಟು ಸಮಾಧಾನ. ಮಗಳು ಮಾತ್ರ ವಿಚಿತ್ರವಾಗಿ ನೋಡಿದಳು. "ಎತ್ಕೋ ಅಮ್ಮ, ಯಾಕೆ ಹಾಗೆ ನಿಂತಿದೀಯ?" ಎಂದಳು.

ಚೋಟಿಯ ಮಲವನ್ನು ಲ್ಯಾಬಿಗೆ ಕೊಡಲು ನರ್ಸು ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. ಬೆರಳಮ್ಮ ಇನ್ನೊಂದು ಕೇಳಿದಳು. ಯಾರದಕ್ಕೆ ಎಂದರೆ, ಕರುವಿನದಕ್ಕೆ ಎಂದಳು. ನರ್ಸು ನಕ್ಕು, "ಇದು ಮನುಷ್ಯರ ಆಸ್ಪತ್ರೆ ಅಜ್ಜಿ, ದನದ್ದು ದನದ ಆಸ್ಪತ್ರೆಗೆ," ಎಂದಳು. ಸರಿ ಎಂದು ಅಲ್ಲಿಗೂ ನಡೆದಳು. ಅಲ್ಲಿ, ಡೇರಿಯ ಮ್ಯಾನೇಜರ್ ಸಹಿ ಮಾಡಿದ ಕಾಗದ ತಂದರೆ ನೋಡುತ್ತೇವೆ ಎಂದರು. ಇಸ್ತ್ರಿ ಸಹಿ ಮಾಡುವುದಕ್ಕಿಂತ ಮೊದಲು ನಲವತ್ತೊಂದೇ ಬಾಯಿಬಿಟ್ಟು ಮಾತಾಡೀತು ಎಂದುಕೊಂಡು ವಾಪಸು ಬಂದಳು.

ಆದರೆ ಸೋತು ಕೂರುವ ಜಾತಿಯಲ್ಲ ಅವಳು. ಬುಧವಾರ ಬೆಳಗ್ಗೆ ಒಂದು ಗಾಜಿನ ಬಾಟಲಿಯನ್ನು ಕುದಿಯುವ ನೀರಿನಲ್ಲಿ ತೊಳೆದು, ನಲವತ್ತೊಂದರ ಹಿಂದೆ ಕಾದು ನಿಂತು, ಬೇಕಾದದ್ದನ್ನು ಹಿಡಿದುಕೊಂಡಳು. ಊಟದ ಡಬ್ಬಿ ಒಯ್ಯುವ ಚೀಲದಲ್ಲಿಟ್ಟು ಆಸ್ಪತ್ರೆಯ ಲ್ಯಾಬಿನ ಕಿಟಕಿಗೆ ಹೋದಳು. ಕಿಟಕಿಯೊಳಗೆ ತಲೆ ಎತ್ತದೆ ಬರೆಯುವ ಒಬ್ಬ ಕ್ಲರ್ಕು ಇದ್ದ.

"ಹೆಸರು?"

"ಇನ್ನೂ ಇಟ್ಟಿಲ್ಲ."

"ಕೂಸು ಅಂತ ಬರೀತೀನಿ. ವಯಸ್ಸು?"

"ಹನ್ನೊಂದು ದಿನ."

"ಹೆಣ್ಣಾ, ಗಂಡಾ?"

"ಹೆಣ್ಣು."

"ತೂಕ?"

"ಮೂವತ್ತೆರಡು."

ಮುದುಕಿಗೆ ಚುಕ್ಕಿ ಎಲ್ಲಿಡಬೇಕು ಗೊತ್ತಿಲ್ಲ ಎಂದುಕೊಂಡು ಅವನೇ ಮೂರಕ್ಕೂ ಎರಡಕ್ಕೂ ನಡುವೆ ಒಂದು ಚುಕ್ಕಿ ಇಟ್ಟ.

"ತಂದೆ?"

"ನಾವ್ಯಾರೂ ನೋಡಿಲ್ಲ."

ಕ್ಲರ್ಕು ಮೊದಲ ಸಲ ತಲೆ ಎತ್ತಿದ. ದನಿ ಸ್ವಲ್ಪ ತಗ್ಗಿಸಿ, "ತಾಯಿ ಎಲ್ಲಿದಾಳೆ?" ಎಂದ.

"ಕೆಲಸದಲ್ಲಿದಾಳೆ. ಹೆತ್ತ ಮಾರನೇ ದಿನದಿಂದ್ಲೇ ಹಚ್ತಾರೆ."

"ಎದೆಹಾಲು?"

"ಎಲ್ಲಿಂದ ಬಂತು? ಹುಟ್ಟಿದ ದಿನವೇ ತಾಯಿಯಿಂದ ಬೇರೆ ಮಾಡಿದ್ರು. ಪುಡಿ ಹಾಲು."

ಕ್ಲರ್ಕು ಪೆನ್ನು ಕೆಳಗಿಟ್ಟ. "ಯಾವ ಪಾಪಿಗಳಮ್ಮ ಅವರು?"

"ಡೇರಿಯವರು," ಎಂದಳು ಬೆರಳಮ್ಮ. ಅವನು ತುಟಿ ಕಚ್ಚಿಕೊಂಡು ಬಾಟಲಿಯ ಮೇಲೆ ಚೀಟಿ ಅಂಟಿಸಿ, ಕೆಂಪು ಶಾಯಿಯಲ್ಲಿ ತುರ್ತು ಎಂದು ಬರೆದು, ಚೋಟಿಯ ಡಬ್ಬಿಯ ಪಕ್ಕದಲ್ಲೇ ಇಟ್ಟ. ದೇವರ ಮೇಲೆ ಆಣೆ ಇಟ್ಟು ಹೇಳಬಹುದು, ಅವಳು ಒಂದೇ ಒಂದು ಸುಳ್ಳು ಹೇಳಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಡೇರಿಯ ಗೇಟಿನ ಮುಂದೆ ಒಂದು ಸ್ಕೂಟರ್ ಬಂದು ನಿಂತಿತು. ಬಂದವಳು ಲ್ಯಾಬಿನ ಡಾಕ್ಟರ್, ಬೆರಳಮ್ಮನ ಮಗಳ ವಯಸ್ಸಿನವಳು. ಹೆಲ್ಮೆಟ್ ತೆಗೆಯುವ ಮೊದಲೇ ಮಾತು ಶುರು. "ಹನ್ನೊಂದು ದಿನದ ಕೂಸು ಎಲ್ಲಿ? ಎರಡು ದಿನದಿಂದ ಯಾರೂ ಅದನ್ನ ಆಸ್ಪತ್ರೆಗೆ ತಂದಿಲ್ಲ. ಇಷ್ಟು ಜೋರಾಗಿ ಪಾಸಿಟಿವ್ ಬಂದಿರೋ ಕೂಸನ್ನ ಮನೇಲಿಟ್ಕೊಂಡು ಏನ್ಮಾಡ್ತಿದೀರ? ಸತ್ತುಹೋಗುತ್ತೆ, ಗೊತ್ತಾ?"

ಇಸ್ತ್ರಿ ಓಡಿ ಬಂದ. "ಮೇಡಂ, ನಮ್ಮಲ್ಲಿ ಅಂಥ ಕೂಸೇ ಇಲ್ಲ. ಯಾರೋ ನಿಮ್ಮನ್ನ ದಾರಿ ತಪ್ಪಿಸಿದಾರೆ."

"ಇದೆ," ಎಂದಳು ಬೆರಳಮ್ಮ ಷೆಡ್ಡಿನ ಬಾಗಿಲಿನಿಂದ. "ಬನ್ನಿ ಡಾಕ್ಟ್ರೇ."

ಮೂರು ಗಂಟೆಯ ಹಾಲು ಕರೆಯಲು ಬಂದಿದ್ದ ಹೆಂಗಸರೆಲ್ಲ ಅಂಗಳದಲ್ಲೇ ಇದ್ದರು. ಕಡೆಯದಾಗಿ ಚೋಟಿಯನ್ನೂ ಗುರುವಾರ ಆಸ್ಪತ್ರೆಯಿಂದ ಬಿಟ್ಟಿದ್ದರಿಂದ ಮಗಳೂ ಇದ್ದಳು, ಕೂಸು ಹೆಗಲ ಮೇಲೆ. ಅಕ್ಕ ಕೋಣೆಯ ಮೆಟ್ಟಿಲ ಮೇಲೆ ಕೂತಿದ್ದಳು. ಎಲ್ಲರೂ ಡಾಕ್ಟರ್ ಹಿಂದೆ ಷೆಡ್ಡಿಗೆ ನುಗ್ಗಿದರು. ಬೆರಳಮ್ಮ ಹುಲ್ಲಿನ ಮೇಲೆ ಮಲಗಿದ್ದ ನಲವತ್ತೊಂದರ ಕತ್ತಿಗೆ ಕೈ ಹಾಕಿ ಎಬ್ಬಿಸಿ ನಿಲ್ಲಿಸಿದಳು. ಬಡಕಲಾಗಿತ್ತು, ಆದರೆ ನಿಂತಿತು.

"ಇವಳೇ," ಎಂದಳು.

ಡಾಕ್ಟರ್ ಕರುವನ್ನು ನೋಡಿದಳು, ಬೆರಳಮ್ಮನನ್ನು ನೋಡಿದಳು. ಮುಖ ಕೆಂಪಾಯಿತು. "ಆಸ್ಪತ್ರೆ ಫಾರಂನಲ್ಲಿ ಸುಳ್ಳು ಬರೆಸೋದು ಅಪರಾಧ. ನಾನು ಊಟ ಬಿಟ್ಟು ಓಡಿ ಬಂದಿದೀನಿ!"

"ಫಾರಂ ತೆಗೀರಿ. ಅದರಲ್ಲಿ ಒಂದು ಸುಳ್ಳು ತೋರ್ಸಿ."

ಡಾಕ್ಟರ್ ಚೀಲದಿಂದ ಕಾಗದ ತೆಗೆದು ಓದತೊಡಗಿದಳು. ತಂದೆ: ಯಾರೂ ನೋಡಿಲ್ಲ. ತಾಯಿ: ಕೆಲಸದಲ್ಲಿದ್ದಾಳೆ. ಆಹಾರ: ಪುಡಿ ಹಾಲು. ತೂಕದ ಹತ್ತಿರ ಬಂದಾಗ, "ಆ ಚುಕ್ಕಿ ನಂದಲ್ಲ, ನಿಮ್ಮ ಕ್ಲರ್ಕಿಂದು," ಎಂದಳು ಬೆರಳಮ್ಮ. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕಳು, ಹೆಂಗಸರೂ ನಕ್ಕರು. ಆಮೇಲೆ ಅವಳ ನಗು ಅರ್ಧಕ್ಕೇ ನಿಂತಿತು.

"ಪಾಸಿಟಿವ್ ಬಂದಿದ್ದು ಕರುವಿನದಾ?" ಎಂದಳು ನಿಧಾನವಾಗಿ. "ಮಕ್ಕಳಿಗೆ ಬಂದಿರೋದೂ ಅದೇ."

ಅವಳು ಎಲ್ಲರಿಗೂ ಅರ್ಥವಾಗುವ ಹಾಗೆ ಹೇಳಿದಳು. ರೋಟಾ ಅಂತ ಒಂದು ವೈರಸ್. ಕರುಳಿನಲ್ಲಿ ಬೆಳೆಯುವಂಥದ್ದು. ಕರುಗಳಿಗೆ ಬರುವುದು ಬೇರೆ ಬಳಗದ್ದು, ಮಕ್ಕಳಿಗೆ ಬರುವುದು ಬೇರೆ ಬಳಗದ್ದು, ಸಾಮಾನ್ಯವಾಗಿ ಅದರದರ ಮನೆಯಲ್ಲಿ ಅದರದು. ಆದರೆ ಒಮ್ಮೊಮ್ಮೆ ಗೋಡೆ ಹಾರುತ್ತದೆ. ಮಲದಿಂದ ಕೈಗೆ, ಕೈಯಿಂದ ಬಾಯಿಗೆ. ಬಹಳ ಗಟ್ಟಿ ಪಿಂಡ, ಕೈಯ ಮೇಲೆ, ಬಟ್ಟೆಯ ಮೇಲೆ ಗಂಟೆಗಟ್ಟಲೆ ಬದುಕಿರುತ್ತದೆ, ಬರೀ ನೀರಿಗೆ ಅದ್ದಿದರೆ ಹೋಗುವುದಿಲ್ಲ. ಈ ಮಕ್ಕಳಿಗೆ ಅದರ ಲಸಿಕೆಯ ಹನಿ ಹಾಕಿಸಿದ್ದರಿಂದಲೇ ಬಹುಶಃ ಇಷ್ಟಕ್ಕೆ ನಿಂತಿದೆ.

"ಅಂದ್ರೆ ಕರುವಿಂದ ಮಕ್ಕಳಿಗೆ ಬಂತು ಅಂತ ಹೇಳ್ತೀರಾ?" ಇಸ್ತ್ರಿ ಕೇಳಿದ.

"ಈಗಲೇ ಹೇಳೋಕಾಗಲ್ಲ. ಈ ಪರೀಕ್ಷೆಗೆ ವೈರಸ್ ಇದೆಯೋ ಇಲ್ವೋ ಅಷ್ಟೇ ಗೊತ್ತಾಗೋದು. ಯಾರ ಬಳಗದ್ದು ಅಂತ ತಿಳ್ಕೊಳ್ಳೋಕೆ ದೊಡ್ಡ ಲ್ಯಾಬಿಗೆ ಕಳಿಸ್ಬೇಕು. ವಾರಗಟ್ಟಲೆ ಹಿಡಿಯುತ್ತೆ."

ಇಸ್ತ್ರಿಯ ಮುಖ ಅರಳಿತು. "ಹಾಗಾದ್ರೆ ಈ ಮಕ್ಕಳಿಂದ್ಲೇ ನನ್ನ ಕರುಗಳಿಗೆ ಬಂದಿರಬಹುದು! ಅದಕ್ಕೇ ನಾನು ಕೋಣೆ ಮುಚ್ತಿರೋದು."

"ಕೊಟ್ಟವರು ಯಾರೇ ಆಗ್ಲಿ," ಎಂದಳು ಬೆರಳಮ್ಮ, "ನಡುವೆ ಇದ್ದಿದ್ದು ಒಂದು ಕೈ. ಆ ಕೈ ನಮ್ಮಕ್ಕಂದಲ್ಲ, ನಂದು."

ಅಕ್ಕ ಬಾಗಿಲಿನಲ್ಲಿ, "ಏ, ಸುಮ್ನಿರೇ," ಎಂದಳು. ಬೆರಳಮ್ಮ ಸುಮ್ಮನಿರಲಿಲ್ಲ. ಬಲಗೈ ಎತ್ತಿ ಎರಡು ಬೆರಳನ್ನೂ ಎಲ್ಲರಿಗೂ ಕಾಣುವ ಹಾಗೆ ಹಿಡಿದಳು. ಕರುವಿನ ಬಾಯಿಗಿಟ್ಟಿದ್ದು ಇದೇ ಬೆರಳು, ನಿಮ್ಮ ಮಕ್ಕಳ ಬಾಯಿಗಿಟ್ಟಿದ್ದೂ ಇದೇ, ನಡುವೆ ಸೋಪು ಕಂಡಿರಲಿಲ್ಲ ಎಂದಳು. ಕರು ಮೊದಲು ಮಲಗಿದ್ದು ಸ್ಲೇಟಿನಲ್ಲಿ ಇದೆ, ಯಾರು ಬೇಕಾದರೂ ನೋಡಬಹುದು ಎಂದಳು. ಹೇಳಿ ಮುಗಿಸುವವರೆಗೂ ಕೈ ಕೆಳಗಿಳಿಸಲಿಲ್ಲ.

ಮಗಳು ಆ ಕೈಯನ್ನೇ ನೋಡುತ್ತಿದ್ದಳು. "ಅಮ್ಮ, ನಿನ್ನ ಕೈಯಿಂದ್ಲೇನಾ?"

"ಹೌದು ಕಣೇ."

ಮಗಳು ಚೋಟಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು, ತಾಯಿಯಿಂದ ದೂರದ ಹೆಗಲಿಗೆ.

"ಎಲ್ಲರೂ ಕೇಳಿಸ್ಕೊಂಡ್ರಲ್ಲ? ಅವಳೇ ಒಪ್ಕೊಂಡಳು!" ಇಸ್ತ್ರಿ ಓಡಿಹೋಗಿ ಆಫೀಸಿನಿಂದ ಕಾಗದ ಪೆನ್ನು ತಂದ. "ನನ್ನ ಅಜಾಗರೂಕತೆಯಿಂದ ಅಂತ ಬರೆದು ಸಹಿ ಹಾಕು. ಅಕ್ಕ ತಂಗಿ ಇಬ್ಬರೂ ನಾಳೆಯಿಂದ ಬರಬೇಡಿ. ಕೋಣೆ ಹೇಗೂ ಮುಚ್ಚುತ್ತೆ."

"ಸಹಿ ಹಾಕ್ತೀನಿ. ಆದ್ರೆ ಬರೆಯೋದು ನಾನೇ," ಎಂದು ಬೆರಳಮ್ಮ ಕಾಗದ ಕಸಿದುಕೊಂಡಳು. ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಕಾಗದ ಇಟ್ಟು, ಒಂದೊಂದೇ ಅಕ್ಷರ ಕೂಡಿಸಿ ದೊಡ್ಡದಾಗಿ ಬರೆದಳು. ಬರೆದು ಮುಗಿಸಿ ಇಸ್ತ್ರಿಯ ಬಿಳಿ ಷರಟಿನ ಮುಂದೆ ಹಿಡಿದಳು.

ಬೆರಳು ನನ್ನದು. ಮೂರು ಸಲ ಕೇಳಿದರೂ ನಲ್ಲಿ ಕೊಡಲಿಲ್ಲ.

"ಇದನ್ನ ನಾನು ತಗೊಳ್ಳಲ್ಲ," ಎಂದ ಅವನು.

"ಹಾಗಾದ್ರೆ ಬೇರೆ ಕಾಗದ ಇಲ್ಲ."

ಅಷ್ಟರಲ್ಲಿ ಮೂರು ಗಂಟೆಯ ಸೈರನ್ ಕೂಗಿತು. ಹಾಲು ಕರೆಯುವ ಹೊತ್ತು. ಇಸ್ತ್ರಿ ಗಡಿಯಾರ ನೋಡಿ, "ನಡೀರಿ, ನಡೀರಿ, ಹಸುಗಳು ಕಾಯ್ತಿವೆ," ಎಂದ. ಯಾರೂ ಹೊರಡಲಿಲ್ಲ. ಎಲ್ಲರಿಗಿಂತ ಮೊದಲು ಹೋಗಿ ಮಕ್ಕಳ ಕೋಣೆಯ ಮೆಟ್ಟಿಲ ಮೇಲೆ ಕೂತವಳು ಬೆರಳಮ್ಮನ ಮಗಳು.

"ನಮ್ಮಮ್ಮನ ಹತ್ರ ನಾನು ಆಮೇಲೆ ಜಗಳ ಆಡ್ತೀನಿ," ಎಂದಳು. "ಅದು ಮನೆ ವಿಷಯ. ನಲ್ಲಿ ಡೇರಿ ವಿಷಯ. ಷೆಡ್ಡಿಗೆ ನಲ್ಲಿ ಬರಬೇಕು, ಕೋಣೆ ತೆರೆದಿರಬೇಕು, ದೊಡ್ಡಮ್ಮ ಇರಬೇಕು, ಅಮ್ಮನೂ ಇರಬೇಕು. ಅಲ್ಲೀವರೆಗೆ ನಾನು ಹಸು ಮುಟ್ಟಲ್ಲ."

ಒಬ್ಬೊಬ್ಬರಾಗಿ ಉಳಿದ ಹತ್ತು ಜನವೂ ಅವಳ ಪಕ್ಕದಲ್ಲಿ ಕೂತರು. ಮೇಸ್ತ್ರಿಯ ಸೊಸೆಗೆ ಬೆರಳಮ್ಮನ ಮೇಲೆ ಸಿಟ್ಟು ಇಳಿದಿರಲಿಲ್ಲ, ಮುಖ ತಿರುಗಿಸಿಕೊಂಡೇ ಕೂತಳು. ಆದರೂ ಕೂತಳು.

ಕೆಚ್ಚಲು ತುಂಬಿದ ಹಸು ಯಾವ ಮ್ಯಾನೇಜರಿನ ಮಾತನ್ನೂ ಕೇಳುವುದಿಲ್ಲ. ಮೂರೂ ಹತ್ತಕ್ಕೆ ಒಂದು ಕೂಗಿತು. ಮೂರೂ ಇಪ್ಪತ್ತಕ್ಕೆ ಕೊಟ್ಟಿಗೆಯ ತುಂಬ ಕೂಗು. ಬೆರಳಮ್ಮನಿಗೆ ಆ ಕೂಗು ಕೇಳಲಾಗಲಿಲ್ಲ. ಅವುಗಳಲ್ಲಿ ಅರ್ಧದಷ್ಟು ಅವಳ ಬೆರಳು ಚೀಪಿ ಬೆಳೆದವೇ. ನನ್ನ ತಪ್ಪಿಗೆ ಇವು ಯಾಕೆ ನೋವು ತಿನ್ನಬೇಕು ಎಂದು ಎರಡು ಸಲ ಏಳಲು ಹೋದಳು. ಎರಡು ಸಲವೂ ಅಕ್ಕ ತೋಳು ಹಿಡಿದು ಕೂರಿಸಿದಳು. "ಇಷ್ಟು ದಿನ ನೀನು ಅವಕ್ಕೆ ಕಲಿಸಿದ್ದು ಸಾಕು. ಈಗ ಅವು ಅವನಿಗೆ ಕಲಿಸ್ಲಿ," ಎಂದಳು.

ಡಾಕ್ಟರ್ ಸ್ಕೂಟರಿನ ಸೀಟಿನ ಮೇಲೆ ಕಾಗದ ಇಟ್ಟುಕೊಂಡು ಏನೋ ಬರೆಯುತ್ತಿದ್ದಳು. ಇಸ್ತ್ರಿ ಅವಳ ಬಳಿ ಹೋಗಿ, "ನೀವಾದ್ರೂ ಹೇಳಿ ಮೇಡಂ," ಎಂದ.

"ಹೇಳ್ತಿದೀನಲ್ಲ, ಬರೀತಾ ಇದೀನಿ," ಎಂದಳು ಅವಳು. "ಕೋಣೇನ ಎರಡು ದಿನ ಮುಚ್ಚಿ, ಕುದಿಯೋ ನೀರಲ್ಲಿ ಮೂಲೆ ಮೂಲೆ ತೊಳೀಬೇಕು. ಮೂರನೇ ದಿನ ತೆರೀಬೇಕು. ಷೆಡ್ಡಿಗೆ ಬಿಸಿನೀರು, ಸೋಪು. ಷೆಡ್ಡಿನ ಏಪ್ರನ್, ಬೂಟು ಷೆಡ್ಡಲ್ಲೇ ಬಿಡಬೇಕು. ಇದು ಆರೋಗ್ಯ ಇಲಾಖೆಗೆ ಹೋಗುತ್ತೆ. ಇದರ ಕೆಳಗೆ ನಲ್ಲಿ ಹಾಕಿಸಿದಾರೆ ಅಂತ ಬರೀಲೋ, ಹಾಕಿಸಿಲ್ಲ ಅಂತ ಬರೀಲೋ? ನಿಮಗಾಗಿ ಕಾಯ್ತಿದೀನಿ."

ಮೂರೂ ಮುಕ್ಕಾಲಿಗೆ ಡೇರಿಯ ಪ್ಲಂಬರ್ ಹಾಲಿನ ಕೋಣೆಯ ಗೋಡೆಗೆ ತೂತು ಕೊರೆಯತೊಡಗಿದ. ಇಸ್ತ್ರಿ ಬಾಗಿಲ ಮೇಲಿನ ನೋಟೀಸನ್ನು ತಾನೇ ಕಿತ್ತ. ಕಾಯಮ್ಮಾಗಿ ಅಂಟಲೆಂದು ಗೋಂದು ಜಾಸ್ತಿ ಹಾಕಿದ್ದನೇನೋ, ಉಗುರಿನಿಂದ ಕೆರೆಯಬೇಕಾಯಿತು. ಹೆಂಗಸರು ಎದ್ದು ಹಸುಗಳ ಕಡೆಗೆ ಓಡಿದರು, ಎಲ್ಲರಿಗಿಂತ ಮುಂದೆ ಬೆರಳಮ್ಮನ ಮಗಳು.

ಆರು ವಾರದ ಮೇಲೆ ದೊಡ್ಡ ಲ್ಯಾಬಿನಿಂದ ಕಾಗದ ಬಂತು. ಚೋಟಿಯಲ್ಲಿದ್ದದ್ದೂ ನಲವತ್ತೊಂದರಲ್ಲಿದ್ದದ್ದೂ ಒಂದೇ, ಅದು ದನಗಳ ಬಳಗದ್ದು. ಇಸ್ತ್ರಿ ಅದನ್ನು ಹಿಡಿದುಕೊಂಡು ಷೆಡ್ಡಿಗೆ ಬಂದ. ಬೆರಳಮ್ಮ ಒಂದು ಹೊಸ ಕರುವಿಗೆ ಬಕೆಟ್ಟಿನ ತಳಕ್ಕೆ ಕಟ್ಟಿದ ರಬ್ಬರ್ ಮೊಲೆಯಿಂದ ಹಾಲು ಕುಡಿಸುತ್ತಿದ್ದಳು. ಬೆರಳಿಗಿಂತ ಅದು ನಿಧಾನ, ಕರುವಿಗೂ ಅವಳಿಗೂ ಅದು ಒಗ್ಗಿರಲಿಲ್ಲ.

"ನೋಡಿದ್ಯಾ? ಕಡೆಗೂ ತಪ್ಪು ನಿಂದೇ," ಎಂದ ಅವನು.

"ಹೌದು, ನಂದೇ," ಎಂದಳು ಅವಳು ತಲೆ ಎತ್ತದೆ. "ಅದನ್ನ ನಾನು ಬರೆದು ಕೊಟ್ಟಿದ್ದೆ. ನೀವು ತಗೊಳ್ಲಿಲ್ಲ."

ಆ ಕಾಗದ ಈಗ ಹೊಸ ನಲ್ಲಿಯ ಮೇಲೆ, ನೀರು ತಾಗದಂತೆ ಪ್ಲಾಸ್ಟಿಕ್ಕಿನೊಳಗೆ, ನಾಲ್ಕು ಮೊಳೆ ಹೊಡೆದು ನಿಂತಿತ್ತು. ಹಾಕಿದ್ದು ಅಕ್ಕ. ಇಸ್ತ್ರಿ ಎರಡು ಸಲ ತೆಗೆಸಿದ, ಮೂರನೆಯ ದಿನ ಮತ್ತೆ ಅಲ್ಲೇ ಇರುತ್ತಿತ್ತು, ಯಾರು ಹಾಕಿದರೆಂದು ಹನ್ನೊಂದು ಜನರಲ್ಲಿ ಒಬ್ಬರಿಗೂ ಗೊತ್ತಿರುತ್ತಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಬಂದವರು ಓದಿ, ಇದು ಯಾರು ಬರೆದದ್ದು ಎಂದು ಕೇಳುತ್ತಿದ್ದರು. ಬೆರಳಮ್ಮನಿಗೆ ಪ್ರತಿ ಸಲವೂ ಮುಖಕ್ಕೆ ರಕ್ತ ನುಗ್ಗಿ ನಾಚಿಕೆಯಾಗುತ್ತಿತ್ತು, ಪ್ರತಿ ಸಲವೂ "ನಾನೇ" ಎನ್ನುತ್ತಿದ್ದಳು.

ಅವತ್ತು ಕರು ಕುಡಿದಾದ ಮೇಲೆ ಅವಳು ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ, ಬೂಟು ಕಳಚಿ, ಆ ಕಾಗದದ ಕೆಳಗೆ ನಿಂತು ಮೊಣಕೈವರೆಗೆ ಸೋಪು ಹಚ್ಚಿದಳು. ಉಗುರು ಉಗುರಿನ ಸಂದಿಗೂ ಹಚ್ಚಿದಳು. ನೀರು ಬಿಸಿಯಾಗಿತ್ತು. ತೊಳೆದು ಮಕ್ಕಳ ಕೋಣೆಗೆ ಬಂದರೆ ಬಾಗಿಲಲ್ಲೇ ಮಗಳು, ಚೋಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು. ಆರು ವಾರದಿಂದ ಮಗಳು ಕೂಸನ್ನು ಅವಳ ಕೈಗೆ ಕೊಟ್ಟಿರಲಿಲ್ಲ. ಬೆರಳಮ್ಮ ಬೇಡಿಯೂ ಇರಲಿಲ್ಲ.

"ಕೈ ತೋರ್ಸು," ಎಂದಳು ಮಗಳು.

ಬೆರಳಮ್ಮ ಎರಡೂ ಕೈ ಚಾಚಿದಳು. ಮಗಳು ಮುಂದೆ ಮಾಡಿ, ಹಿಂದೆ ಮಾಡಿ, ಬಗ್ಗಿ ಮೂಸಿಯೂ ನೋಡಿದಳು. ಆಮೇಲೆ ಚೋಟಿಯನ್ನು ಆ ಕೈಗಳ ಮೇಲೆ ಇಟ್ಟು ಹಾಲು ಕರೆಯಲು ಹೋದಳು.